ಬೆನ್ನು ತೋರಿಸುವ ಕುಣಿತ

ದಸರೆಗೆ ಇನ್ನೂ ಕೆಲವು ವಾರ ಇರುವಾಗಲೇ ನಮ್ಮ ಸರಸ್ವತಿಪುರಂನ ಪಾರ್ಕುಗಳಲ್ಲಿ ಸಂಜೆ ಹೊತ್ತು ತಾಲೀಮು ಶುರುವಾಗುತ್ತದೆ. ಕುಕ್ಕರಹಳ್ಳಿ ಕೆರೆಯ ಆಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದಲ್ಲ, ಅದಕ್ಕೆ ಹೆಸರು ಕೊಟ್ಟ ಕಾಲೇಜು ಮಕ್ಕಳು ಜಾಗ ಸಿಕ್ಕಲ್ಲಿ ಒಂದು ಸ್ಪೀಕರ್ ಇಟ್ಟುಕೊಂಡು ಕುಣಿಯುತ್ತಾರೆ. ಹೋದ ಸಲ ಹೀಗೇ ವಾಕಿಂಗ್ ಮುಗಿಸಿ ಬರುವಾಗ ಹದಿನಾರು ಮಕ್ಕಳು ಕೋಲಾಟ ಆಡುತ್ತಿದ್ದರು. ನಿಂತು ನೋಡಿದೆ. ಪಕ್ಕದಲ್ಲಿ ನಮ್ಮ ಬೀದಿಯ ಅಪಾರ್ಟ್‌ಮೆಂಟೊಂದಕ್ಕೆ ರಾತ್ರಿ ಕಾವಲಿರುವ ಹಿರಿಯರೂ ನಿಂತಿದ್ದರು. ನಂಜನಗೂಡು ಕಡೆಯವರು. ಚಿಕ್ಕಂದಿನಲ್ಲಿ ಊರಿನ ಕೋಲಾಟದಲ್ಲಿ ಇದ್ದವರು ಅಂತ ನನಗೆ ಗೊತ್ತಿತ್ತು.

"ಹೇಗಿದೆ ಯಜಮಾನ್ರೆ?" ಅಂದೆ.

"ಚೆಂದಾಗದೆ ಸಾ. ಹೆಜ್ಜೆ ಎಲ್ಲಾರ್ದೂ ಒಂದೇ ತರ ಬೀಳ್ತಾವೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಇವ್ರು ಜನ ನೋಡ್ಕಂಡು ಆಡ್ತಾವ್ರೆ. ನಾವು ಕೋಲು ನೋಡ್ಕಂಡು ಆಡ್ತಿದ್ದೊ" ಅಂದರು.

ಜಾನಪದ ಕಲೆಗಳ ಪುನರುಜ್ಜೀವನದ ಬಗ್ಗೆ ನಾನು ಓದಿದ ಲೇಖನಗಳು, ಕೂತು ಕೇಳಿದ ವಿಚಾರಗೋಷ್ಠಿಗಳು ಕಡಿಮೆಯಲ್ಲ. ಅವೆಲ್ಲ ಸುತ್ತಿ ಬಳಸಿ ಹೇಳುವುದನ್ನು ಈ ಮನುಷ್ಯ ಎರಡು ವಾಕ್ಯದಲ್ಲಿ ಹೇಳಿ ಬೀಡಿ ಹಚ್ಚಿದರು. ಆ ಮಾತು ನನಗೆ ಚುಚ್ಚಿದ್ದಕ್ಕೆ ಬೇರೆಯದೇ ಒಂದು ಕಾರಣವೂ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೋಲಾಟ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಲ್ಲರಿಗೂ ಗೊತ್ತಿರುವ ಕುಣಿತ ಅಂದುಕೊಂಡು ನಾವು ಅದನ್ನು ನೋಡುವುದನ್ನೇ ಬಿಟ್ಟಿದ್ದೇವೆ. ಜನ ಸಮಸಂಖ್ಯೆಯಲ್ಲಿರಬೇಕು: ಎಂಟು, ಹನ್ನೆರಡು, ಹದಿನಾರು. ಪ್ರತಿಯೊಬ್ಬರ ಕೈಯಲ್ಲೂ ಎರಡು ಕೋಲು. ಎಲ್ಲರೂ ದುಂಡಗೆ ನಿಂತು, ಎದುರುಬದುರಾಗಿ ಜೋಡಿಗಳಾಗುತ್ತಾರೆ. ತನ್ನ ಕೋಲಿಗೆ ತಾನು ಒಂದು ಏಟು, ಜೊತೆಯವನ ಕೋಲಿಗೆ ಒಂದು ಏಟು, ಮತ್ತೆ ತನ್ನದಕ್ಕೆ, ಆಮೇಲೆ ಅವನನ್ನು ದಾಟಿಕೊಂಡು ಮುಂದಿನವನ ಎದುರಿಗೆ. ಹೀಗೆ ಅರ್ಧದಷ್ಟು ಜನ ಬಲಕ್ಕೂ ಇನ್ನರ್ಧ ಎಡಕ್ಕೂ ಹೆಣೆದುಕೊಂಡು ಹೋಗುತ್ತ ಕೊನೆಗೆ ಮೊದಲ ಜೊತೆಗಾರನ ಎದುರಿಗೇ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಆ ವೃತ್ತದಲ್ಲಿ ಎದುರು ದಿಕ್ಕಿನಿಂದ ಬರುವ ಪ್ರತಿಯೊಬ್ಬರನ್ನೂ ನೀವು ಒಮ್ಮೆ ಮುಖಾಮುಖಿ ನೋಡಿರುತ್ತೀರಿ, ಅವರೆಲ್ಲರ ಕೋಲಿನ ಭಾರ ನಿಮ್ಮ ಮಣಿಕಟ್ಟಿಗೆ ಗೊತ್ತಾಗಿರುತ್ತದೆ. ಪದ ಹೇಳುವವರು ಒಬ್ಬರೋ ಇಬ್ಬರೋ. ಉಳಿದವರೆಲ್ಲ ಸೊಲ್ಲು ಹಿಡಿಯುತ್ತಾರೆ. ಕೋಲು ಎಂಬ ಶಬ್ದವೇ ಪಲ್ಲವಿಯ ಹಾಗೆ ತಿರುತಿರುಗಿ ಬರುವ ಆ ಪದಗಳು ನಿಧಾನವಾಗಿ ಶುರುವಾಗಿ, ಯಾರೂ ಹೇಳದೆಯೇ ವೇಗ ಹೆಚ್ಚಿಸಿಕೊಳ್ಳುತ್ತವೆ. ಉಸಿರು ಹತ್ತಿದಾಗ ಯಾರೋ ಒಬ್ಬರು ಕೂಗು ಹಾಕುತ್ತಾರೆ, ವರಸೆ ಬದಲಾಗುತ್ತದೆ.

ಇದರಲ್ಲಿ ಬಹಳ ಮುಖ್ಯವಾದ ಸಂಗತಿ ಅಂದರೆ, ತಪ್ಪು ಮಾಡಿದರೆ ಏಟು ಬೀಳುವುದು ತನಗಲ್ಲ, ಎದುರಿಗಿರುವವನ ಬೆರಳಿಗೆ. ಭರತನಾಟ್ಯದಲ್ಲಿ ತಾಳ ತಪ್ಪಿದರೆ ಗುರುಗಳಿಗೆ ಗೊತ್ತಾಗುತ್ತದೆ, ನಾಲ್ಕು ಜನ ರಸಿಕರಿಗೆ ಗೊತ್ತಾಗುತ್ತದೆ. ಕೋಲಾಟದಲ್ಲಿ ತಪ್ಪನ್ನು ಕಂಡುಹಿಡಿಯಲು ವಿಮರ್ಶಕ ಬೇಕಿಲ್ಲ. ಊದಿಕೊಂಡ ಬೆರಳು ಸಾಕು. ಜಡೆ ಕೋಲಾಟದಲ್ಲಂತೂ ಇನ್ನೂ ಕಷ್ಟ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹುರಿಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಆಡುತ್ತ ಹೋದಂತೆ ನಡುವೆ ಜಡೆ ಹೆಣೆದುಕೊಳ್ಳುತ್ತದೆ. ಬಿಚ್ಚಬೇಕಾದರೆ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಬೇಕು. ಒಬ್ಬ ಮೈಮರೆತರೆ ಎಲ್ಲರ ಹುರಿಯೂ ಗಂಟು. ಅಂದರೆ ಈ ಕುಣಿತದ ಗಮನವೆಲ್ಲ ಒಳಮುಖವಾದದ್ದು. ನೋಡುವವರು ಇರಬಹುದು, ಇರುತ್ತಾರೆ. ಆದರೆ ಅವರಿಗೆ ಕಾಣುವುದು ಹೆಚ್ಚಾಗಿ ಬೆನ್ನುಗಳೇ.

ಈಗ ನನ್ನ ಕಾರಣಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಅಂತರಕಾಲೇಜು ಜಾನಪದ ಕುಣಿತದ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ನಾನು ನೃತ್ಯ ಬಲ್ಲವನಲ್ಲ, ಅದರ ಬಗ್ಗೆ ಬರೆಯುವವನು. ಇವೆರಡೂ ಒಂದೇ ಅಂತ ಕರೆದವರು ಅಂದುಕೊಂಡಿದ್ದರು, ನಾನೂ ತಿದ್ದಲಿಲ್ಲ. ಅಂಕಪಟ್ಟಿ ಕೊಟ್ಟರು. ವೇಷಭೂಷಣ, ಹೊಂದಾಣಿಕೆ, ವೇದಿಕೆಯ ಬಳಕೆ, ಸಮಯಪಾಲನೆ, ಒಟ್ಟು ಪರಿಣಾಮ. ಎರಡು ತಂಡ ಕೋಲಾಟದವು. ಒಂದು ತಂಡ ಧ್ವನಿಮುದ್ರಿತ ಹಾಡಿಗೆ, ಹೊಳೆಯುವ ರುಮಾಲು ಕಟ್ಟಿ, ಅರ್ಧಚಂದ್ರಾಕಾರದಲ್ಲಿ ನಿಂತು, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಗೋಪುರ ಕಟ್ಟಿ, ಕೊನೆಗೆ ಕೋಲುಗಳನ್ನೆಲ್ಲ ನಮ್ಮ ಕಡೆ ಚಾಚಿ ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಇನ್ನೊಂದು ತಂಡ ಯಾವುದೋ ತಾಲ್ಲೂಕಿನ ಹಾಸ್ಟೆಲ್ ಹುಡುಗರದು. ಬಿಳಿ ಪಂಚೆ ಉಟ್ಟು ಬಂದರು, ವೇದಿಕೆಯ ನಡುವೆ ದುಂಡಗೆ ನಿಂತರು, ತಾವೇ ಪದ ಹೇಳಿಕೊಂಡು ಆಡಿದರು. ಮೈಕಿಗೆ ಅವರ ದನಿ ಸಿಗಲಿಲ್ಲ. ಆರನೇ ನಿಮಿಷಕ್ಕೆ ಗಂಟೆ ಹೊಡೆದರೂ ಅವರಿಗೆ ಕೇಳಿಸಲಿಲ್ಲ. ವರಸೆ ಮುಗಿಯುವವರೆಗೂ ಆಡಿದರು. ಒಬ್ಬ ಹುಡುಗನಿಗೆ ನಡುವೆ ಏಟು ಬಿತ್ತು, ಅವನೂ ಏಟು ಕೊಟ್ಟವನೂ ನಕ್ಕರು.

ಆ ತಂಡದ ಹಾಳೆಯಲ್ಲಿ ನಾನು ಬರೆದ ಷರಾ ನನಗೆ ಇವತ್ತಿಗೂ ನೆನಪಿದೆ: "ಪ್ರೇಕ್ಷಕರಿಗೆ ಬೆನ್ನು ತೋರಿಸಿದ್ದಾರೆ." ವೇದಿಕೆಯ ಬಳಕೆಗೆ ಹತ್ತಕ್ಕೆ ಮೂರು ಕೊಟ್ಟೆ. ಮೊದಲ ಬಹುಮಾನ ಯಾರಿಗೆ ಹೋಯಿತು ಅಂತ ಹೇಳಬೇಕಾಗಿಲ್ಲ.

ಥಾಮಸ್ ಟುರಿನೊ ಎಂಬ ಸಂಗೀತ ವಿದ್ವಾಂಸ 2008ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಒಂದು ಉಪಯುಕ್ತ ಗೆರೆ ಎಳೆಯುತ್ತಾನೆ. ಪ್ರದರ್ಶನಕ್ಕಾಗಿ ಇರುವ ಸಂಗೀತ-ಕುಣಿತ ಒಂದು; ಪಾಲ್ಗೊಳ್ಳುವುದಕ್ಕಾಗಿ ಇರುವುದು ಇನ್ನೊಂದು. ಎರಡನೆಯದರಲ್ಲಿ ಕಲಾವಿದ, ಪ್ರೇಕ್ಷಕ ಎಂಬ ಭಾಗವೇ ಇಲ್ಲ. ಈಗಾಗಲೇ ಆಡುತ್ತಿರುವವರು, ಇನ್ನೂ ಸೇರದವರು, ಅಷ್ಟೇ. ಅಲ್ಲಿ ಒಂದು ಸಂಜೆ ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ಎಷ್ಟು ಜನ ಸೇರಿಕೊಂಡರು ಎಂಬುದರಿಂದ ಅಳೆಯುತ್ತಾರೆ. ಅದಕ್ಕೇ ಅಲ್ಲಿ ಪುನರಾವರ್ತನೆ ಹೆಚ್ಚು: ಹೊಸಬ ಎರಡನೇ ಸುತ್ತಿನಲ್ಲಿ ಕಲಿತು ಮೂರನೇ ಸುತ್ತಿನಲ್ಲಿ ಸೇರಬೇಕಲ್ಲ. ಇದನ್ನು ಓದಿದಾಗ ನನ್ನ ಅಂಕಪಟ್ಟಿ ಕಣ್ಣ ಮುಂದೆ ಬಂತು. ನಾನು ಒಂದು ಬಗೆಯ ಕುಣಿತವನ್ನು ಇನ್ನೊಂದರ ಮೊಳಕೋಲಿನಲ್ಲಿ ಅಳೆದಿದ್ದೆ. "ಒಂದೇ ವರಸೆ ಪದೇ ಪದೇ" ಅಂತಲೂ ಅದೇ ಹಾಳೆಯಲ್ಲಿ ಬರೆದಿದ್ದೆ.

ಆದರೆ ಇಲ್ಲಿಗೆ ನಿಲ್ಲಿಸಿ, ಹಳೆಯ ಹಳ್ಳಿಯ ವೃತ್ತ ಚಿನ್ನ, ಇಂದಿನ ವೇದಿಕೆ ತಗಡು ಅಂದುಬಿಟ್ಟರೆ ಅದು ಸುಳ್ಳಾಗುತ್ತದೆ. ಹಂಪಿಯ ಮಹಾನವಮಿ ದಿಬ್ಬಕ್ಕೆ ಹೋದವರು ಅದರ ಗೋಡೆಗಳನ್ನು ನೋಡಿರುತ್ತೀರಿ. ಆನೆ, ಕುದುರೆ, ಕುಸ್ತಿ, ಬೇಟೆಗಳ ನಡುವೆ ಕೋಲು ಹಿಡಿದು ಕುಣಿಯುವ ಹೆಂಗಸರೂ ಇದ್ದಾರೆ. ಆ ದಿಬ್ಬ ಕಟ್ಟಿದ್ದೇ ಅರಸ ಎತ್ತರದಲ್ಲಿ ಕೂತು ನೋಡಲಿ ಅಂತ. ಆ ಹಬ್ಬದ ಮುಂದುವರಿಕೆಯೇ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ದಸರೆ, ಆಮೇಲೆ ನಮ್ಮ ಮೈಸೂರಿನದು. ಹಾಗಾಗಿ ಕೋಲಾಟವನ್ನು ದೊಡ್ಡವರ ಎದುರು ಸಾಲಾಗಿ ನಿಲ್ಲಿಸುವುದು ಟೀವಿ ಬಂದ ಮೇಲೆ ಹುಟ್ಟಿದ ಚಾಳಿಯಲ್ಲ. ಅರಮನೆಯ ಊರಿನಲ್ಲಿ ಎಲ್ಲ ಕುಣಿತಗಳೂ ಒಂದಲ್ಲ ಒಂದು ದಿನ ಮೆರವಣಿಗೆಗೆ ಸೇರುತ್ತವೆ.

ಇನ್ನು ಹಳ್ಳಿಯ ವೃತ್ತ. ಅದು ಎಲ್ಲರಿಗೂ ತೆರೆದಿತ್ತೇ? ಕಾವಲಿನ ಹಿರಿಯರನ್ನೇ ಕೇಳಿದೆ. "ನಮ್ ಕೇರಿ ಕೋಲಾಟ ನಮ್ ಕೇರೀಲಿ, ಅವ್ರದ್ದು ದೇವಸ್ಥಾನದ ಮುಂದೆ" ಅಂದರು. ನಾನು ಮತ್ತೆ ಕೇಳಲಿಲ್ಲ. ನಮ್ಮ ಸೀಮೆಯ ಹಲವು ಊರುಗಳಲ್ಲಿ ಗಂಡಸರದೇ ಕೋಲಾಟ. ಹೆಂಗಸರದು ಇದ್ದರೂ ಅದರ ಹೊತ್ತು ಬೇರೆ, ಜಾಗ ಬೇರೆ. ಯಾವ ಜಾತಿಯ, ಯಾವ ಕೇರಿಯ ಹುಡುಗಿ ಬೇಕಾದರೂ ಕೋಲು ಹಿಡಿಯಬಹುದು ಎನ್ನುವಂತೆ ಮಾಡಿದ್ದು ಶಾಲಾ ವಾರ್ಷಿಕೋತ್ಸವ, ಎನ್‌ಎಸ್‌ಎಸ್ ಶಿಬಿರ, ಯುವಜನ ಮೇಳ, ಈ ಯುವ ಸಂಭ್ರಮ. ಅಂದು ಪಾರ್ಕಿನಲ್ಲಿ ಆಡುತ್ತಿದ್ದ ಹದಿನಾರು ಜನರಲ್ಲಿ ಹತ್ತು ಹುಡುಗಿಯರು. ಈ ಲೆಕ್ಕ ವೇದಿಕೆಯ ಪರವಾಗಿಯೇ ಇದೆ. ಜಾನಪದ ವಿದ್ವಾಂಸರಿಗೂ ನಾವು ಋಣಿಗಳು. ಜೀ.ಶಂ. ಪರಮಶಿವಯ್ಯನವರಂಥವರು ಊರೂರು ಅಲೆದು ಪದ ಸಂಗ್ರಹಿಸದಿದ್ದರೆ, 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ತಲೆಯೆತ್ತದಿದ್ದರೆ, ಪೇಟೆಯ ಕಾಲೇಜುಗಳಿಗೆ ಇವೆಲ್ಲ ಹಳ್ಳಿಗಮಾರರ ಆಟಗಳಾಗಿಯೇ ಉಳಿದಿರುತ್ತಿದ್ದವು.

ಹಾಗಾದರೆ ನನ್ನ ತಕರಾರು ಏನು? ವೇದಿಕೆ ಕೆಟ್ಟದ್ದು ಅಂತಲ್ಲ. ವೇದಿಕೆಯಿಂದ ಇಳಿದ ಮೇಲೆ ಹೋಗಲು ಜಾಗವಿಲ್ಲ ಅಂತ.

ಇದನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ಬಹಳ ದೂರದ ಒಂದು ಊರು. ಟ್ಯಾಂಗೊ ಅಂದರೆ ನಮಗೆ ನೆನಪಾಗುವುದು ಬಾಯಲ್ಲಿ ಗುಲಾಬಿ ಕಚ್ಚಿಕೊಂಡ ಸಿನಿಮಾ ಜೋಡಿ. ನಿಜದ ಟ್ಯಾಂಗೊ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊದ ಬಡ ಕೇರಿಗಳಲ್ಲಿ, ಬಂದರಿಗೆ ಬಂದಿಳಿದ ಇಟಲಿ-ಸ್ಪೇನಿನ ವಲಸಿಗರು ಮತ್ತು ಆಫ್ರಿಕಾ ಮೂಲದವರ ನಡುವೆ. 1930ರ ದಶಕದ ನಡುವಿನಿಂದ 1950ರ ದಶಕದ ನಡುವಿನವರೆಗೆ ಅದು ಇಡೀ ನಗರದ ಕುಣಿತವಾಗಿತ್ತು. 1955ರಲ್ಲಿ ಸೇನೆ ಪೆರೋನ್ ಸರ್ಕಾರವನ್ನು ಉರುಳಿಸಿದ ಮೇಲೆ ಜನ ಗುಂಪು ಸೇರುವುದೇ ಅನುಮಾನದ ಸಂಗತಿಯಾಯಿತು. ಜೊತೆಗೆ ರಾಕ್ ಸಂಗೀತ ಬಂತು. ಒಂದೆರಡು ತಲೆಮಾರಿನ ಹುಡುಗರು ಅಪ್ಪಂದಿರ ಕುಣಿತ ಕಲಿಯಲೇ ಇಲ್ಲ. 1983ರಲ್ಲಿ ಅಲ್ಲಿ ಪ್ರಜಾಪ್ರಭುತ್ವ ಮರಳಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ 'ಟ್ಯಾಂಗೊ ಅರ್ಜೆಂಟೀನೊ' ಎಂಬ ರಂಗಪ್ರದರ್ಶನ ಶುರುವಾಯಿತು, 1985ಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇ ತಲುಪಿತು. ಜಗತ್ತೇ ಹುಚ್ಚೆದ್ದು ನೋಡಿತು.

ಗಮನಿಸಿ, ಅಲ್ಲೂ ಕಿಡಿ ಹೊತ್ತಿದ್ದು ವೇದಿಕೆಯಿಂದಲೇ. ಆದರೆ ಆ ಪ್ರದರ್ಶನ ನೋಡಿ ಮರುಳಾದವರು, ಪರದೇಶದವರೂ ಊರಿನ ಹೊಸ ಹುಡುಗರೂ, ಕಲಿಯಬೇಕು ಅಂತ ಬ್ಯೂನಸ್ ಐರಿಸ್ಸಿನಲ್ಲಿ ಹುಡುಕಿಕೊಂಡು ಹೋದಾಗ ಅಲ್ಲಿ ಮಿಲೋಂಗಾಗಳು ಇದ್ದವು. ಮಿಲೋಂಗಾ ಅಂದರೆ ಟ್ಯಾಂಗೊ ಆಡುವ ಸಂಜೆ, ಆಡುವ ಜಾಗ ಎರಡೂ ಹೌದು. ಯಾವುದೋ ಬಡಾವಣೆಯ ಕ್ಲಬ್ಬು, ಸುತ್ತ ಮೇಜು, ನಡುವೆ ಖಾಲಿ ನೆಲ, ಅರವತ್ತು ದಾಟಿದ ಗಂಡಸರು ಹೆಂಗಸರು. ಬ್ರಾಡ್‌ವೇಯಲ್ಲಿ ಕಾಲು ಗಾಳಿಗೆ ಹಾರುತ್ತಿತ್ತು. ಇಲ್ಲಿ ಹಾಗೆ ಹಾರಿಸಿದರೆ ಪಕ್ಕದ ಜೋಡಿಗೆ ಒದೆ ಬೀಳುತ್ತದೆ, ಆದ್ದರಿಂದ ಪಾದ ನೆಲ ಬಿಡುವುದು ಕಡಿಮೆ. ಎಲ್ಲ ಜೋಡಿಗಳೂ ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಒಂದೇ ಹೊಳೆಯ ಹಾಗೆ ಸಾಗುತ್ತವೆ. ಕುಣಿಯಲು ಕರೆಯುವುದು ಬಾಯಲ್ಲಲ್ಲ, ಕಣ್ಣಲ್ಲಿ. ಆಚೆಯವರು ತಲೆಯಾಡಿಸಿದರೆ ಹೋಗಬೇಕು, ಮುಖ ತಿರುಗಿಸಿದರೆ ಯಾರಿಗೂ ಅವಮಾನವಿಲ್ಲ. 2003ರಿಂದ ಆ ಊರಿನಲ್ಲಿ ಜಾಗತಿಕ ಸ್ಪರ್ಧೆಯೂ ನಡೆಯುತ್ತದೆ. ಅಲ್ಲಿ ವೇದಿಕೆಯ ಟ್ಯಾಂಗೊ ಬೇರೆ ವಿಭಾಗ, ನೆಲದ ಟ್ಯಾಂಗೊ ಬೇರೆ ವಿಭಾಗ. ಈ ಒಂದು ವಿವೇಕ ನನ್ನ ಅಂಕಪಟ್ಟಿಗೆ ಇದ್ದಿದ್ದರೆ ಆ ಹಾಸ್ಟೆಲ್ ಹುಡುಗರು ಬರಿಗೈಯಲ್ಲಿ ಬಸ್ಸು ಹತ್ತುತ್ತಿರಲಿಲ್ಲ.

2009ರಲ್ಲಿ ಯುನೆಸ್ಕೊ ಟ್ಯಾಂಗೊವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ಗುಜರಾತಿನ ಗರ್ಬಾವನ್ನೂ ಸೇರಿಸಿತು. ಗರ್ಬಾ ಅಂದಾಗ ಮೈಸೂರಿನ ಇನ್ನೊಂದು ಸಂಗತಿ ಹೇಳಲೇಬೇಕು. ನವರಾತ್ರಿಯಲ್ಲಿ ಈಗ ನಮ್ಮಲ್ಲೂ ದಾಂಡಿಯಾ ನೈಟ್‌ಗಳು ನಡೆಯುತ್ತವೆ. ಟಿಕೆಟ್ಟು, ಡಿಜೆ, ಬಾಡಿಗೆ ಘಾಗ್ರಾ. ನನ್ನ ತಂಗಿಯ ಮಗಳು ಹೋಗಿ ಬಂದಳು. "ಕೋಲಾಟ ಬಿಟ್ಟು ದಾಂಡಿಯಾಕ್ಕೆ ಯಾಕೆ ಹೋಗ್ತೀಯೆ?" ಅಂತ ನಾನು ದೊಡ್ಡ ಮನುಷ್ಯನ ಹಾಗೆ ಕೇಳಿದೆ. "ಅಲ್ಲಿ ನಂಗೆ ಬರಲ್ಲ ಅಂದ್ರೂ ಸೇರಿಸ್ಕೊಂಡ್ರು ಮಾಮ. ಕೋಲಾಟಕ್ಕೆ ಸೆಲೆಕ್ಷನ್ ಇತ್ತು. ನಾನು ಸೆಲೆಕ್ಟ್ ಆಗ್ಲಿಲ್ಲ" ಅಂದಳು.

ಆ ಹುಡುಗಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪರಭಾಷೆಯ ಕುಣಿತ ಬಂದು ನಮ್ಮದನ್ನು ನುಂಗಿತು ಅನ್ನುವ ಗೊಣಗಾಟವನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ, ಒಂದೆರಡು ಸಲ ನಾನೇ ಗೊಣಗಿದ್ದೇನೆ. ಅಲ್ಲಿಯೂ ಎರಡು ಕೋಲು, ಇಲ್ಲಿಯೂ ಎರಡು ಕೋಲು. ವ್ಯತ್ಯಾಸ ಭಾಷೆಯದಲ್ಲ. ಅವರು ಬರದವರನ್ನು ಸೇರಿಸಿಕೊಳ್ಳುತ್ತಾರೆ, ನಾವು ಬರುವವರನ್ನು ಆರಿಸಿಕೊಳ್ಳುತ್ತೇವೆ. ಊರಿನ ವೃತ್ತಕ್ಕೆ ಒಂದು ಕಾಲದಲ್ಲಿ ಜಾತಿಯ ಬೇಲಿ ಇತ್ತು. ಅದನ್ನು ಕಿತ್ತು, ಆ ಜಾಗದಲ್ಲೇ ಆಡಿಷನ್ನಿನ ಬೇಲಿ ಹಾಕಿದ್ದೇವೆ. ದಾಂಡಿಯಾಕ್ಕೂ ಬೇಲಿ ಇದೆ ಅನ್ನಿ, ಟಿಕೆಟ್ಟಿನದು, ಅದು ಸಣ್ಣದೇನಲ್ಲ.

ಒಂದು ಆಕ್ಷೇಪ ಬರಬಹುದು. ಬ್ಯೂನಸ್ ಐರಿಸ್ ಟ್ಯಾಂಗೊದ ತವರು; ಕೋಲಾಟದ ತವರು ಮೈಸೂರು ನಗರವೇ ಅಂತ ಯಾರು ಹೇಳಿದರು? ನಿಜ. ಅದು ಹಳ್ಳಿಗಳದ್ದು, ಅದೂ ನಮ್ಮೊಬ್ಬರದೇ ಅಲ್ಲ. ತೆಲುಗರ ಕೋಲಾಟ ತಂಡಗಳನ್ನು ತಿರುಮಲೆಯ ಬ್ರಹ್ಮೋತ್ಸವದಲ್ಲಿ ಯಾರಾದರೂ ನೋಡಬಹುದು. ತಮಿಳರಲ್ಲಿ, ಮಲಯಾಳಿಗಳಲ್ಲಿ, ಕೊಡವರಲ್ಲಿ ಎಲ್ಲ ಕೋಲಿನ ಕುಣಿತಗಳಿವೆ. ಆದರೆ ನಂಜನಗೂಡು, ಟಿ. ನರಸೀಪುರ, ಹುಣಸೂರು, ಎಚ್.ಡಿ. ಕೋಟೆಗಳ ಹಳ್ಳಿಗಳು ಈಗ ಎಲ್ಲಿವೆ? ಅವು ನಗರದ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ, ಹಾಸ್ಟೆಲ್ಲುಗಳಲ್ಲಿ, ನಮ್ಮಂಥ ಎರಡನೇ ತಲೆಮಾರಿನ ಮೇಷ್ಟ್ರುಗಳ ಮನೆಯಲ್ಲಿ ಇವೆ. ಟ್ಯಾಂಗೊ ಕೂಡ ಊರು ಬಿಟ್ಟು ಬಂದವರೇ ಕಟ್ಟಿದ್ದು. ಬ್ಯೂನಸ್ ಐರಿಸ್ಸಿನ ಆ ಹಳಬರ ಹಾಗೆ ಕೋಲಾಟ ಗೊತ್ತಿರುವ ಕೊನೆಯ ಸಾಲಿನವರು ಈಗ ಇಲ್ಲಿಯೇ, ನಮ್ಮ ಬೀದಿಯಲ್ಲೇ ಇದ್ದಾರೆ. ಅವರಿಗೆ ಅರವತ್ತೈದು, ಎಪ್ಪತ್ತು. ಅವರನ್ನು ನಾವು ಕರೆಯುವುದು ಉದ್ಘಾಟನೆಯ ದಿನ ಶಾಲು ಹೊದಿಸುವುದಕ್ಕೆ, ಅದೂ ಕರೆದರೆ.

ಇಷ್ಟೆಲ್ಲ ಬರೆಯುವ ಹಕ್ಕು ಬರಬೇಕಾದರೆ ಒಮ್ಮೆಯಾದರೂ ಕೋಲು ಹಿಡಿಯಬೇಕು ಅನ್ನಿಸಿ, ದಸರೆ ಮುಗಿದ ಮೇಲಿನ ಒಂದು ಶನಿವಾರ ನಮ್ಮ ಮನೆಯ ತಾರಸಿಯ ಮೇಲೆ ಸೇರಿದೆವು. ನಾನು, ನನ್ನ ಹೆಂಡತಿ, ತಂಗಿಯ ಮಗಳು, ಅವಳ ಇಬ್ಬರು ಸ್ನೇಹಿತೆಯರು, ಮೇಲ್ಮನೆಯಲ್ಲಿ ಬಾಡಿಗೆಗಿರುವ ಗಂಡ ಹೆಂಡತಿ. ಕೋಲು ಸಿಗದೆ ಪಿವಿಸಿ ಪೈಪು ಕತ್ತರಿಸಿಕೊಂಡಿದ್ದೆವು. ಅದರ ಸದ್ದು ಕೇಳಿದರೆ ಡಬ್ಬ ಬಡಿದ ಹಾಗಿತ್ತು. ಎಣಿಸಿದರೆ ಏಳು ಜನ. ಏಳಕ್ಕೆ ಜೋಡಿ ಆಗುವುದಿಲ್ಲ. ಕೆಳಗೆ ಹೋಗಿ ಕಾವಲಿನ ಹಿರಿಯರನ್ನು ಕರೆದೆ. ಗೇಟು ಬಿಟ್ಟು ಹೆಂಗ್ ಬರ್ಲಿ ಅಂದರು. ಅರ್ಧ ಗಂಟೆ ಅಂದೆ. ಬರುವಾಗ ತಮ್ಮ ರೂಮಿನಿಂದ ಎರಡು ಮರದ ಕೋಲು ತಂದರು. ಅವು ಅಲ್ಲಿದ್ದವು ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಅವರು ಹೆಜ್ಜೆ ಹೇಳಿಕೊಡಲಿಲ್ಲ. "ನನ್ ಕೋಲು ನೋಡಿ, ಬತ್ತದೆ" ಅಂದು ಪದ ಎತ್ತಿಕೊಂಡರು. ಮೊದಲ ಸುತ್ತಿನಲ್ಲಿ ಎಲ್ಲರೂ ಎಲ್ಲರಿಗೂ ಡಿಕ್ಕಿ. ಎರಡನೆಯದರಲ್ಲಿ ನನ್ನ ಹೆಬ್ಬೆರಳಿಗೆ ಸರಿಯಾಗಿ ಒಂದು ಬಿತ್ತು, ಕೊಟ್ಟವಳು ತಂಗಿಯ ಮಗಳು. ಸುಮಾರು ಹತ್ತನೆಯ ಸಲಕ್ಕೆ ಎಂಟೂ ಜನ ಒಬ್ಬರನ್ನೊಬ್ಬರು ದಾಟಿ ಹೊರಟ ಜಾಗಕ್ಕೇ ಬಂದು ನಿಂತೆವು, ಹೇಗೆ ಬಂದೆವು ಅಂತ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಎದುರು ಮನೆಯ ತಾರಸಿಯಲ್ಲಿ ಬಟ್ಟೆ ತೆಗೆಯಲು ಬಂದಿದ್ದವರು ಗೋಡೆಗೊರಗಿ ಕೂಗಿದರು:

"ಯಾವ ಪ್ರೋಗ್ರಾಮಿಗೆ ಸಾರ್ ಪ್ರಾಕ್ಟೀಸು?"

"ಯಾವ್ದಕ್ಕೂ ಇಲ್ಲ. ಸುಮ್ನೆ."

"ಹಾಗಾದ್ರೆ ನಾವೂ ಬರಬಹುದಾ? ಕೋಲಿಲ್ಲ, ಲಟ್ಟಣಿಗೆ ಇದೆ."

"ಎರಡಿದ್ರೆ ತನ್ನಿ" ಅಂದರು ಯಜಮಾನ್ರು. "ಇನ್ನೊಬ್ರನ್ನೂ ಕರ್ಕಂಡ್ ಬನ್ನಿ, ಒಂಬತ್ತಾದ್ರೆ ಆಗಕ್ಕಿಲ್ಲ."